ಮುಳುಗಿದ ಮನೆಯ ಗುರುತು

ಚಾಟನೂಗ, ಟೆನೆಸಿ
ಮೇ 9, 1988

ಅಮ್ಮ,

ಫೋನ್ ಮಾಡಿದರೆ ನನ್ನ ದನಿ ಕೇಳಿ ಇಟ್ಟುಬಿಡುತ್ತೀಯ ಎಂದು ಬರೆಯುತ್ತಿದ್ದೇನೆ. ಲಕೋಟೆ ಒಡೆಯದೆ ಒಲೆಗೆ ಹಾಕಿದರೂ ನಾನು ತಪ್ಪು ಹೇಳುವವನಲ್ಲ.

ಜುಲೈ ಕೊನೆಯಲ್ಲಿ ನಮ್ಮೂರ ಕೆರೆಯಲ್ಲೇ ಬಾಸ್ ಮೀನು ಹಿಡಿಯುವ ದೊಡ್ಡ ಸ್ಪರ್ಧೆ ನಡೆಯುತ್ತದೆ. ಈ ವರ್ಷದ ಸರಣಿಯಲ್ಲಿ ನನ್ನ ಹೆಸರು ಪಟ್ಟಿಯ ತಳದಲ್ಲಿದೆ. ಇದೊಂದರಲ್ಲಿ ಮೇಲೆ ಬಂದರೆ ಮುಂದಿನ ವರ್ಷವೂ ಇರುತ್ತೇನೆ. ಇಲ್ಲದಿದ್ದರೆ ದೋಣಿ ಮಾರಿ ಬೇರೆಯವರ ಮೋಟಾರು ರಿಪೇರಿ ಮಾಡಿಕೊಂಡು ಕೂರುವುದೇ. ನಾನು ಕೆಲಸ ಮಾಡುವ ರಿಪೇರಿ ಅಂಗಡಿಯ ಮಾಲೀಕ ಹೇಳಿಬಿಟ್ಟಿದ್ದಾನೆ: "ವೆಂಡೆಲ್, ನೀನು ಮೀನುಗಾರನೋ ಮೆಕ್ಯಾನಿಕ್ಕೋ ಈ ಬೇಸಿಗೇಲಿ ತೀರ್ಮಾನ ಮಾಡ್ಕೋ. ನಂಗೆ ಅರ್ಧರ್ಧ ಮನುಷ್ಯ ಬೇಡ."

ವಸಂತದಲ್ಲಿ ದಡದ ಮೀನು ಯಾರ ಗಾಳಕ್ಕೂ ಬೀಳುತ್ತದೆ. ಜುಲೈ ಬಿಸಿಲಿಗೆ ಅವು ಎಲ್ಲಿ ಹೋಗಿ ಸೇರುತ್ತವೆಂದು ಅಪ್ಪನಿಗೆ ಗೊತ್ತಿತ್ತು. ಕೇಳಿದಾಗಲೆಲ್ಲ, "ಅದು ನಿಮ್ಮಮ್ಮನ ಮನೆ ಕಣೋ, ಅವಳನ್ನೇ ಕೇಳು" ಅನ್ನುತ್ತಿದ್ದ. ಅಪ್ಪ ಈಗ ಇಲ್ಲ. ನಿನ್ನನ್ನೇ ಕೇಳುತ್ತಿದ್ದೇನೆ. ತಾತನ ಮನೆ ಕೆರೆಯ ತಳದಲ್ಲಿ ಎಲ್ಲಿದೆ?

ಜುಲೈ ಬಂತೆಂದರೆ ನಿಯಮದ ಪ್ರಕಾರ ನಾವು ಸ್ಪರ್ಧಿಗಳು ಊರವರ ಹತ್ತಿರ ಕೆರೆಯ ಮಾತೇ ಎತ್ತುವಂತಿಲ್ಲ. ಅದಕ್ಕೇ ಈಗಲೇ ಬರೆದೆ. ಗ್ಲೆಂಡಾ ನಿನ್ನ ಕ್ಷೇಮ ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ.

ನಿನ್ನ ಮಗ,
ವೆಂಡೆಲ್


ಟಿಡ್ವೆಲ್ ದೋಣಿಕಟ್ಟೆ, ಮಿಲ್ಸ್ ಫೆರಿ, ಅಲಬಾಮಾ
ಮೇ 23, 1988

ವೆಂಡೆಲ್,

ಕಾಗದವನ್ನು ಒಲೆಗೆ ಹಾಕಲಿಲ್ಲ. ಓದಿ, ಮಡಿಸಿ ಇಟ್ಟೆ. ಮೂರು ಬೇಸಿಗೆ ಸುಮ್ಮನಿದ್ದವನಿಗೆ ಮೀನು ಬೇಕಾದಾಗ ತಾಯಿ ನೆನಪಾದಳು. ಅದನ್ನು ಗಮನಿಸಿದೆ.

ನೀನು ಹುಟ್ಟಿದ ಆರನೇ ವಾರ ನಿನ್ನನ್ನು ಎತ್ತಿಕೊಂಡು ಚರ್ಚಿನ ಕಟಕಟೆಯ ಮುಂದೆ ನಿಂತವಳು ನಾನು. ಪಾದ್ರಿ ನೆತ್ತಿಗೆ ನೀರು ಹಾಕಿದಾಗ ನೀನು ಅಳಲಿಲ್ಲ, ಅವರ ಬೆರಳು ಹಿಡಿದುಕೊಂಡೆ. ಅಲ್ಲಿಗೆ ದೀಕ್ಷಾಸ್ನಾನ ಮುಗಿಯಿತು. ಅದು ಮನುಷ್ಯನಿಗೆ ಒಂದೇ ಸಲ. ಆಮೇಲೆ ನೀನು ಬ್ಯಾಪ್ಟಿಸ್ಟರ ಮಗಳು ಗ್ಲೆಂಡಾಳನ್ನು ಮದುವೆಯಾದೆ. ನಾನು ಅಡ್ಡ ಬರಲಿಲ್ಲ. ಆದರೆ ಮಗುವಿಗೆ ಚಿಮುಕಿಸಿದ ನೀರು ಲೆಕ್ಕಕ್ಕಿಲ್ಲ, ದೊಡ್ಡವನಾದ ಮೇಲೆ ಪೂರ್ತಿ ಮುಳುಗಬೇಕು ಎಂದು ಅವರು ಅಂದಾಗ ನೀನು ತಲೆಯಾಡಿಸಿದೆ. ಹೋಗಲಿ, ಅವರ ಚರ್ಚಿನೊಳಗೇ ತೊಟ್ಟಿ ಇದೆ. ಬಾಗಿಲು ಹಾಕಿಕೊಂಡು ಮುಳುಗಬಹುದಿತ್ತು. ನೀವು ನನ್ನ ದೋಣಿಕಟ್ಟೆಗೇ ಬಂದಿರಿ, ಭಾನುವಾರ ಮಧ್ಯಾಹ್ನ, ಹಾಡು ಹೇಳಿಕೊಂಡು. ಪೆಟ್ರೋಲಿಗೆ ನಿಂತ ಗಿರಾಕಿಗಳೆಲ್ಲ ನೋಡುತ್ತಿದ್ದರು. ಅವರ ಪಾದ್ರಿ ಸ್ಪ್ರೇಬೆರಿ ನಿನ್ನ ಮೂಗು ಹಿಡಿದು ಹಿಂದಕ್ಕೆ ಮುಳುಗಿಸಿದ. ನೀನು ಎದ್ದು ನಿಂತಾಗ ಅಂಗಡಿಯ ಕಿಟಕಿಯಲ್ಲಿ ನನ್ನ ಪಕ್ಕ ನಿಂತಿದ್ದ ಗೆಳತಿ ಇಮೋಜೀನ್ ಅಂದಳು:

"ಒವೀಟಾ, ನಿನ್ ಮಗ ಇಷ್ಟು ವರ್ಷ ಕೊಳಕಾಗೇ ಇದ್ನಾ ಹಾಗಾದ್ರೆ?"

ಅವಳು ತಮಾಷೆಗೆ ಅಂದಳು. ಆ ತಮಾಷೆ ನನಗೆ ಇನ್ನೂ ಅರಗಿಲ್ಲ.

ನಿನ್ನ ಅಪ್ಪ ಎಂದಿನಂತೆ, "ಹೋಗ್ಲಿ ಬಿಡೇ, ನೀರು ನೀರೇ" ಅಂದ. "ಹಾಗಾದ್ರೆ ಕೆರೇಲಿರೋ ಮೀನೆಲ್ಲ ಬ್ಯಾಪ್ಟಿಸ್ಟಾ?" ಎಂದು ಕೇಳಿದೆ. ಅವನು ನಕ್ಕ. ನಾನು ನಗಲಿಲ್ಲ.

ಆ ಮನೆ ನನ್ನ ತಂದೆಯದು. ನದಿ ತಡೆದು ಈ ಕೆರೆ ತುಂಬಿಸಲು ಅಣೆಕಟ್ಟಿನವರು ಅದರ ಹಲಗೆ ಬಿಚ್ಚಿಸಿ, ಮರ ಕಡಿಸಿ, ನಮ್ಮನ್ನು ಗುಡ್ಡದ ಮೇಲಕ್ಕೆ ಅಟ್ಟಿದಾಗ ನನಗೆ ಹದಿಮೂರು ವರ್ಷ. ಅದು ಎಲ್ಲಿದೆಯೆಂದು ಆಗ ತೊಟ್ಟಿಲಲ್ಲಿದ್ದ ನನ್ನ ತಮ್ಮನಿಗೂ ನಾನು ತೋರಿಸಿಲ್ಲ, ಗಂಡನಿಗೆ ಮಾತ್ರ ತೋರಿಸಿದೆ. ಮೀನುಗಾರನಾಗಿ ಕೇಳಿದರೆ ಕೊಡುವುದಿಲ್ಲ. ಮಗನಾಗಿ ಕೇಳಿದರೆ ಯೋಚಿಸುತ್ತೇನೆ.

ಒವೀಟಾ ಟಿಡ್ವೆಲ್


ಚಾಟನೂಗ
ಜೂನ್ 2, 1988

ಅಮ್ಮ,

ಮಗನಾಗಿ ಹೇಗೆ ಕೇಳಬೇಕೆಂದು ಹೊಳೆಯುತ್ತಿಲ್ಲ. ಚಿಕ್ಕಂದಿನಲ್ಲಿ ನೀನು ಕಲಿಸಿದ ಹಾಗೆ ಕೇಳುತ್ತೇನೆ. ದಯವಿಟ್ಟು, ಅಮ್ಮ.

ನೀರಿಗಿಳಿದದ್ದಕ್ಕೆ ಕ್ಷಮೆ ಕೇಳಲಾರೆ. ಆದರೆ ನಿನ್ನ ಕಟ್ಟೆಗೆ ಬಂದದ್ದು ನಿನಗೆ ಅವಮಾನ ಮಾಡಲಿಕ್ಕಲ್ಲ. ನಾನು ಈಜು ಕಲಿತ ನೀರು ಅದು, ಅದಕ್ಕೇ. ನೀನು ಮೆಟ್ಟಿಲಿಳಿದು ಬರಬಹುದೆಂದು ಸೊಂಟದುದ್ದ ನೀರಿನಲ್ಲಿ ನಿಂತು ಕಾದೆ. ಪಾದ್ರಿಗೆ, "ಒಂಚೂರು ತಡೀರಿ" ಅಂದೆ. ನೀನು ಒಳಗೆ ಹೋಗಿ ಬಾಗಿಲು ಹಾಕಿದೆ.

ವೆಂಡೆಲ್


ಮಿಲ್ಸ್ ಫೆರಿ
ಜೂನ್ 14, 1988

ವೆಂಡೆಲ್,

ನೀನು ಕಾದದ್ದು ನನಗೆ ತಿಳಿದಿರಲಿಲ್ಲ. ಆ ಮಾತು ಅಲ್ಲಿಗಿರಲಿ.

ಇದನ್ನು ಬಾಯಿಪಾಠ ಮಾಡಿ ಹರಿದುಹಾಕು. ನಿನಗೆ ಹೆಣ್ಣು ಕೊಟ್ಟ ಮಾವನ ಕಣ್ಣಿಗೆ ಬೀಳಬಾರದು.

ಈ ವರ್ಷ ಮಳೆ ಇಲ್ಲ. ಕೆರೆ ತಗ್ಗಿದೆ, ದಡದ ನೀರಿಗೆ ಕಾಲಿಟ್ಟರೆ ಸ್ನಾನದ ನೀರಿನಂತಿದೆ. ಜುಲೈನಲ್ಲಿ ಮೇಲಿನ ನೀರು ಮೀನು ತಡೆಯಲಾರದಷ್ಟು ಕಾಯುತ್ತದೆ. ತೀರ ತಳದ ನೀರು ತಣ್ಣಗಿರುತ್ತದೆ, ಆದರೆ ಅದರಲ್ಲಿ ಉಸಿರಿಲ್ಲ. ಜೀವಂತ ಮರಿಮೀನನ್ನು ಗಾಳಕ್ಕೆ ಕಟ್ಟಿ ಅಲ್ಲಿಗಿಳಿಸಿದರೆ ಸತ್ತು ಮೇಲೆ ಬರುತ್ತದೆ. ಎರಡರ ನಡುವೆ ಒಂದು ಪಟ್ಟೆ ನೀರು ಇರುತ್ತದೆ. ಬಾಸ್ ಆ ಪಟ್ಟೆಯಲ್ಲಿ ನಿಲ್ಲುತ್ತದೆ. ಬರೀ ನೀರಿನಲ್ಲಿ ನಿಲ್ಲುವುದಿಲ್ಲ, ಮರೆಯಾಗಲು ಅದಕ್ಕೆ ಕಲ್ಲೋ ಬುಡವೋ ಬೇಕು. ನನ್ನ ತಂದೆ ಪ್ರವಾಹಕ್ಕೆ ಹೆದರಿ ಮನೆಯನ್ನು ದಿಬ್ಬದ ಮೇಲೆ ಕಟ್ಟಿದ್ದ. ಆ ದಿಬ್ಬದ ನೆತ್ತಿ ಸರಿಯಾಗಿ ಆ ಪಟ್ಟೆಗೆ ಬರುತ್ತದೆ. ಅಡಿಪಾಯದ ಕಲ್ಲುಗಳು, ಒಲೆಗೂಡು ಕುಸಿದ ಗುಡ್ಡೆ, ಅಂಗಳದ ಓಕ್ ಮರದ ಬುಡ ಎಲ್ಲ ಇನ್ನೂ ಇವೆ. ಪಕ್ಕದಲ್ಲೇ ಹಳೆಯ ನದಿಯ ಪಾತ್ರ ಕೆಳಗಿಳಿಯುತ್ತದೆ.

ಬೆಳಕು ಹರಿಯುವಾಗ ದಡದಲ್ಲಿ, ನೀರಿನ ಮೇಲೆ ಮರದ ಹುಸಿಮೀನು ಆಡಿಸಿ ಸಿಕ್ಕಷ್ಟು ಹಿಡಿದುಕೋ. ಬಿಸಿಲು ನೀರಿಗೆ ಬಿದ್ದ ಮೇಲೆ ದಡ ಬಿಡು. ಅಣೆಕಟ್ಟಿನವರು ಕರೆಂಟಿಗೆಂದು ನೀರು ಬಿಡುವ ತನಕ ಮನೆಯ ಮೇಲೆ ಹೋಗಬೇಡ. ನಿಂತ ನೀರಿನಲ್ಲಿ ಅವು ಬಾಯಿ ಬಿಡುವುದಿಲ್ಲ. ನೀರು ನಡೆಯತೊಡಗಿದರೆ ದೋಣಿಯನ್ನು ಕೆಳಭಾಗದಲ್ಲಿ ನಿಲ್ಲಿಸಿ ಹರಿವಿನ ಎದುರಿಗೆ ಎಸೆ. ಮೀನು ಹರಿವಿಗೆ ಮುಖ ಮಾಡಿರುತ್ತದೆ, ತಿಂಡಿ ಅದರ ಮುಖದತ್ತ ತೇಲಿ ಬರಬೇಕು. ನೇರಳೆ ಬಣ್ಣದ ರಬ್ಬರ್ ಹುಳ ಕಟ್ಟು, ಸೀಸ ಭಾರದ್ದಿರಲಿ. ಸೀಸ ಕಲ್ಲಿಗೆ ತಾಗಿದ್ದು ಕೈಗೆ ತಿಳಿದರೆ ಎಳೆಯುವುದನ್ನು ನಿಲ್ಲಿಸು. ನಿನಗೆ ಅವಸರ ಜಾಸ್ತಿ. ಹಿಡಿದ ಮೀನಿರುವ ತೊಟ್ಟಿಗೆ ಆಗಾಗ ಐಸ್ ಹಾಕು. ಸತ್ತ ಮೀನು ಒಯ್ದರೆ ತೂಕದಲ್ಲಿ ಕಳೆಯುತ್ತಾರೆ.

ಗುರುತು ಹೀಗೆ. ಚರ್ಚಿನ ಗೋಪುರ ಊರಿನ ನೀರಿನ ಟ್ಯಾಂಕಿನ ಹೊಟ್ಟೆಯ ನಡುವೆ ಬರಬೇಕು. ಅದೇ ಹೊತ್ತಿಗೆ ಎಡಗಡೆ ಹತ್ತಿ ಗಿರಣಿಯ ಚಿಮಣಿ ಗುಡ್ಡದ ಸೀಳಿನಲ್ಲಿ ಕೂರಬೇಕು. ಎರಡೂ ಕೂಡಿದಲ್ಲಿ ನಿಂತರೆ ನೀನು ನನ್ನ ತಾಯಿಯ ಅಡಿಗೆಮನೆಯ ಮೇಲಿರುತ್ತೀಯ.

ಯಾರಿಗೂ ಹೇಳಬೇಡ. ಟೋಪಿ ಹಾಕಿಕೋ.

ನಿನ್ನ ಅಮ್ಮ


ಮಾವನ ಮನೆ, ಮಿಲ್ಸ್ ಫೆರಿ
ಜುಲೈ 22, 1988

ಅಮ್ಮ,

ಈ ಜಗಲಿಯಿಂದ ನಿನ್ನ ದೋಣಿಕಟ್ಟೆ ಕಾಣುತ್ತದೆ. ಬಂದು ಎದುರು ನಿಂತು ಕೇಳಬೇಕೆನಿಸಿತು. ಬಂದರೆ ಬಾಯಿಗೆ ಏನು ಬರುತ್ತದೋ ಎಂದು ಬರೆಯುತ್ತಿದ್ದೇನೆ.

ಅಭ್ಯಾಸದ ದಿನಗಳಲ್ಲಿ ಬೇರೆಯವರ ಕಣ್ಣಿಗೆ ಬೀಳಬಾರದೆಂದು ನಾನು ಅತ್ತ ಸುಳಿಯಲೇ ಇಲ್ಲ. ನಿನ್ನೆ ಮೊದಲ ಸುತ್ತಿನಲ್ಲಿ ನೇರ ಅಲ್ಲಿಗೆ ಹೋದೆ. ಗೋಪುರ ಟ್ಯಾಂಕಿನ ನಡುವೆ, ಚಿಮಣಿ ಸೀಳಿನಲ್ಲಿ, ನೀನು ಹೇಳಿದ ಹಾಗೇ ಕೂಡಿಸಿ ನಿಂತೆ. ಆಳ ತೋರಿಸುವ ಯಂತ್ರದಲ್ಲಿ ಬರೀ ಚಪ್ಪಟೆ ಕೆಸರು. ನಿಯಮದಂತೆ ನನ್ನ ದೋಣಿಗೆ ಜೋಡಿ ಹಾಕಿದ್ದ ಸ್ಪರ್ಧಿ ಕೇಳಿದ:

"ಏನಣ್ಣ, ಇಲ್ಲೇನ್ ಹೂತಿಟ್ಟಿದ್ದೀಯ?"

"ನಮ್ಮಮ್ಮನ ಮನೆ ಇದೆ ಕೆಳಗೆ."

"ಮನೇಲಿ ಯಾರೂ ಇದ್ದಂಗಿಲ್ಲ."

ಯಂತ್ರ ಇಲ್ಲ ಅಂದಿತು. ನಾನು ನಿನ್ನ ಮಾತು ನಂಬಿದೆ. ಕಲ್ಲಿನ ಮೇಲೆ ಹೂಳು ಕೂತಿರಬಹುದು, ನೀರು ಬಿಟ್ಟರೆ ಮೀನು ಬರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನೀರು ಬಿಟ್ಟರು. ಹರಿವಿನ ಎದುರಿಗೆ ಎಸೆದೆ. ಸೀಸಕ್ಕೆ ಒಂದು ಕಲ್ಲೂ ತಾಗಲಿಲ್ಲ. ಇವತ್ತು ಮತ್ತೆ ಅಲ್ಲಿಗೇ ಹೋದೆ, ಬುದ್ಧಿ ಇಲ್ಲದವನ ಹಾಗೆ. ಸಂಜೆ ತೂಕದ ಕಟ್ಟೆಗೆ ಬರಿಗೈಯಲ್ಲಿ ಹತ್ತಿದೆ. ನಾಳೆಯ ಸುತ್ತಿಗೆ ನಾನಿಲ್ಲ.

ಕೊಡುವುದಿಲ್ಲ ಎಂದಿದ್ದರೆ ಸಹಿಸುತ್ತಿದ್ದೆ. ದಯವಿಟ್ಟು ಎಂದು ಬರೆಸಿಕೊಂಡು, ಕೊಟ್ಟ ಹಾಗೆ ಮಾಡಿ, ಊರ ಮುಂದೆ ನಡುನೀರಿನಲ್ಲಿ ಕೂರಿಸಿದೆ. ಆ ಭಾನುವಾರಕ್ಕೆ ಸರಿಯಾಗಿ ತೀರಿಸಿಕೊಂಡೆ.

ವೆಂಡೆಲ್


ಮಿಲ್ಸ್ ಫೆರಿ
ಜುಲೈ 23, 1988

ವೆಂಡೆಲ್,

ಎರಡು ದಿನ ನಿನ್ನ ಅಪ್ಪನ ದುರ್ಬೀನು ಹಿಡಿದು ಜಗಲಿಯಲ್ಲಿ ನಿಂತೆ. ಅಂಗಡಿಯನ್ನು ಇಮೋಜೀನ್ ನೋಡಿಕೊಂಡಳು. ನೀನು ಬಂದೆ. ನನ್ನ ತಂದೆಯ ಮನೆಯಿಂದ ಅರ್ಧ ಮೈಲಿ ಆಚೆ ದೋಣಿ ನಿಲ್ಲಿಸಿದೆ. ಸಂಜೆಯವರೆಗೆ ಅಲ್ಲೇ ಕೂತೆ. ಮರುದಿನವೂ ಅಲ್ಲೇ.

ಇಮೋಜೀನ್ ದುರ್ಬೀನು ಇಸಕೊಂಡು ನೋಡಿದಳು. "ಅಯ್ಯೋ, ಅಲ್ಲಿ ಕೂತು ಏನ್ ಮಾಡ್ತಿದಾನೆ ನಿನ್ ಮಗ? ಪ್ರಾರ್ಥನೆನಾ?"

"ಅವ್ರಲ್ಲಿ ಅದನ್ನೂ ನೀರಲ್ಲೇ ಮಾಡ್ತಾರೇನೋ" ಎಂದೆ.

ನೀವು ಕೇಳುವಂತಿಲ್ಲ, ನಾವು ಹೇಳುವಂತಿಲ್ಲ. ಇಲ್ಲದಿದ್ದರೆ ದೋಣಿ ತೆಗೆದುಕೊಂಡು ಬಂದು ಕಿವಿ ಹಿಡಿದು ಎಳೆದೊಯ್ಯುತ್ತಿದ್ದೆ. ಆದರೆ ಸ್ಪರ್ಧೆಯ ನಿಯಮವನ್ನು ಟಿಡ್ವೆಲ್ ಕಟ್ಟೆಯವರು ಮುರಿದರೆಂದು ಯಾರೂ ಹೇಳಬಾರದು.

ತಮ್ಮನಿಗೂ ಕೊಡದ್ದನ್ನು ನಿನಗೆ ಕೊಟ್ಟೆ. ಅದರ ಮೇಲೆ ಒಂದು ಸಲ ತೇಲಿ ಹೋಗುವಷ್ಟೂ ಅದು ನಿನಗೆ ಬೇಕಾಗಲಿಲ್ಲ. ಮಾವನ ಜಗಲಿಯಲ್ಲಿ ಕಾಫಿ ಕುಡಿಯುತ್ತ ಅವರು ಹೇಳಿಕೊಟ್ಟ ಜಾಗ ದೊಡ್ಡದಾಯಿತೋ ಏನೋ.

ನೀನು ಹೊರಬಿದ್ದೆಯೆಂದು ತಿಳಿದ ಮೇಲೆ ಇವತ್ತು ನಾನೇ ಅಲ್ಯೂಮಿನಿಯಂ ದೋಣಿ ತೆಗೆದೆ. ನೀರು ಬಿಟ್ಟಿದ್ದರು. ಮೊದಲ ಎಸೆತಕ್ಕೇ ಕೋಲು ಬಾಗಿತು. ತೋಳು ಸೋಲುವವರೆಗೂ ಹಿಡಿದೆ. ಒಂದೊಂದನ್ನೂ ಕೆಳದವಡೆ ಹಿಡಿದೆತ್ತಿ, ನೋಡಿ, ಬಿಟ್ಟೆ. ಸ್ಪರ್ಧೆಯಲ್ಲಿ ಉಳಿದವನೊಬ್ಬ ದೋಣಿ ನಿಧಾನ ಮಾಡಿ ಕೂಗಿದ: "ಅಜ್ಜೀ, ಗಾಳಕ್ಕೆ ಏನ್ ಕಟ್ಟಿದ್ದೀರಿ?"

"ನನ್ನ ಹೊಟ್ಟೆ ಉರಿ ಕಣಯ್ಯಾ, ಮುಂದೆ ಹೋಗು" ಎಂದೆ.

ಮನೆ ಅಲ್ಲೇ ಇದೆ. ಮೀನೂ ಇವೆ. ನಿನಗೆ ತಿಳಿದಿರಲೆಂದು ಬರೆದೆ.

ಒವೀಟಾ ಟಿಡ್ವೆಲ್


ಚಾಟನೂಗ
ಆಗಸ್ಟ್ 2, 1988

ಅತ್ತೆಯವರಿಗೆ,

ನಾನು ಗ್ಲೆಂಡಾ. ನನ್ನ ಕಾಗದ ನಿಮಗೆ ಬೇಡವಾದರೂ ಒಂದು ಸಲ ಓದಿ.

ಹರಿದುಹಾಕು ಎಂದು ನೀವು ಬರೆದಿದ್ದ ಕಾಗದವನ್ನು ಅವರು ಹರಿಯಲಿಲ್ಲ. ಅದನ್ನೂ ಜುಲೈ ಕಾಗದವನ್ನೂ ಅಡಿಗೆಮನೆಯ ಮೇಜಿನ ಮೇಲೆ ಒತ್ತಿಗಿಟ್ಟು ಓದಿದೆ. ನೀವು ಅವರು ಬರಲಿಲ್ಲ ಅನ್ನುತ್ತೀರಿ. ಅವರು ಮನೆ ಇರಲಿಲ್ಲ ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುವವರಲ್ಲ. ನಾನು ಕೇಳಿದೆ:

"ಯಾವ ಗೋಪುರ ನೋಡ್ಕೊಂಡ್ರಿ?"

"ಚರ್ಚಿಂದು ಕಣೇ, ಇನ್ಯಾವ್ದು?"

"ಯಾವ ಚರ್ಚು?"

"ಯಾವ್ದು ಅಂದ್ರೇನು? ನಮ್ದು."

ಅತ್ತೆ, ಅವರು ಟ್ಯಾಂಕಿನ ನಡುವೆ ಕೂರಿಸಿದ್ದು ಬ್ಯಾಪ್ಟಿಸ್ಟ್ ಚರ್ಚಿನ ಗೋಪುರವನ್ನು. ನೀವು ಬರೆದದ್ದು ನೀವು ಹೋಗುವ ಮೆಥಡಿಸ್ಟ್ ಚರ್ಚಿನದು. ನನಗೆ ಮೊದಲು ನಗು ಬಂತು. ಅವರ ಮುಖ ನೋಡಿದ ಮೇಲೆ ನಗಲಾಗಲಿಲ್ಲ. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ಆಮೇಲೆ ಬಂದು, "ಊರಲ್ಲಿ ಇನ್ನೊಂದಿದೆ ಅನ್ನೋದು ಬರೀವಾಗ ನೆನಪಾಗ್ಲಿಲ್ಲ ಅಂತ ಅಮ್ಮ ಒಂದು ಸಾಲು ಬರೆದ್ರೆ ಸಾಕು, ನಾಳೆನೇ ಹೋಗ್ತೀನಿ" ಅಂದರು.

ಸೆಪ್ಟೆಂಬರ್ ಮೊದಲ ವಾರ ಅಲ್ಲೇ ಇನ್ನೊಂದು ಸ್ಪರ್ಧೆ ಇದೆ. ಗೆದ್ದವರನ್ನು ಸರಣಿಗೆ ವಾಪಸು ಸೇರಿಸಿಕೊಳ್ಳುತ್ತಾರೆ. ದೋಣಿ ಕೇಳಿಕೊಂಡು ಒಬ್ಬರು ಬಂದಿದ್ದಾರೆ, ಇವರು ಇನ್ನೂ ಹೂಂ ಅಂದಿಲ್ಲ. ಮನೆ ಎಲ್ಲಿದೆಯೆಂದು ಈಗ ಇವರಿಗೆ ತಿಳಿಯಿತು. ಆದರೆ ನಿಮ್ಮ ಒಂದು ಸಾಲು ಬಾರದೆ ಅಲ್ಲಿ ಗಾಳ ಹಾಕುವುದಿಲ್ಲವಂತೆ. ನಿಮ್ಮ ಮಗನಲ್ಲವೇ.

ನವೆಂಬರಿಗೆ ನಮಗೆ ಮಗುವಾಗುತ್ತದೆ. ಇದನ್ನು ಅವರೇ ಬಂದು ಹೇಳಬೇಕೆಂದಿದ್ದರು.

ಗ್ಲೆಂಡಾ


ಮಿಲ್ಸ್ ಫೆರಿ
ಆಗಸ್ಟ್ 10, 1988

ಗ್ಲೆಂಡಾ,

ನೀನು ಜಾಣೆ. ಅದನ್ನು ಒಪ್ಪುತ್ತೇನೆ.

ಆದರೆ ನೀನು ಕೇಳುವ ಸಾಲು ಸುಳ್ಳಿನ ಸಾಲು. ನನಗೆ ನೆನಪಾಗಲಿಲ್ಲ ಎಂದು ಬರೆಯಬೇಕಂತೆ. ನಾನು ಏನನ್ನೂ ಮರೆಯಲಿಲ್ಲ. ಮಗನಿಗೆ ಚರ್ಚು ಎಂದು ಬರೆದೆ. ಅವನನ್ನು ಹೊತ್ತುಕೊಂಡು ಹೋದದ್ದು ಅಲ್ಲಿಗೆ. ಅವನ ತಂದೆಯನ್ನು ಹೂತದ್ದು ಅದರ ಹಿತ್ತಲಲ್ಲಿ. ಯಾವುದು ಎಂದು ತಾಯಿ ಮಗನಿಗೆ ಬಿಡಿಸಿ ಬರೆಯಬೇಕಾದರೆ ನಾವು ತಾಯಿ ಮಗ ಹೇಗಾದೆವು? ಎರಡು ದಿನ ಬರೀ ಕೆಸರಿನ ಮೇಲೆ ಕೂತನಲ್ಲ, ಒಂದು ಸಲವಾದರೂ ತಲೆಯೆತ್ತಿ ಆಚೆಯ ಗೋಪುರವನ್ನು ನೋಡಿದನೇ? ಅಮ್ಮ ಮೋಸ ಮಾಡಿದಳು ಎಂಬುದು ಅವನಿಗೆ ಬೇಗ ಹೊಳೆಯಿತು. ಅಮ್ಮನ ಚರ್ಚು ಅದಲ್ಲವೇ ಎಂಬುದು ಹೊಳೆಯಲಿಲ್ಲ.

ಮಗು ಹುಟ್ಟಿದ ಆರನೇ ವಾರ ಎತ್ತಿಕೊಂಡು ಬನ್ನಿ. ನಮ್ಮ ಪಾದ್ರಿ ನೆತ್ತಿಗೆ ನೀರು ಹಾಕಲಿ. ಬರುತ್ತೇವೆಂದು ನಿನ್ನ ಗಂಡ ಈಗಲೇ ಬರೆದು ಕಳಿಸಿದರೆ, ಸೆಪ್ಟೆಂಬರ್ ಸ್ಪರ್ಧೆಯ ಅಭ್ಯಾಸಕ್ಕೆ ಮುಂಚೆಯೇ ನಾನೇ ಅವನ ದೋಣಿಯಲ್ಲಿ ಕೂತು ಮನೆಯ ಮೇಲೆ ಲಂಗರು ಇಳಿಸುತ್ತೇನೆ. ಅವನು ಬೇಕೆಂದ ಸಾಲನ್ನೂ ಅಲ್ಲಿಯೇ ಹೇಳುತ್ತೇನೆ.

ಈ ಬಿಸಿಲಿಗೆ ಕಾಲು ಊದುತ್ತದೆ. ಉಪ್ಪು ಕಡಿಮೆ ಮಾಡು, ಮಧ್ಯಾಹ್ನ ಕಾಲು ಎತ್ತಿಟ್ಟುಕೊಂಡು ಮಲಗು.

ಒವೀಟಾ ಟಿಡ್ವೆಲ್


ಚಾಟನೂಗ
ಆಗಸ್ಟ್ 21, 1988

ಅಮ್ಮ,

ದೋಣಿ ಮಾರಿದೆ. ನಿನ್ನೆ ಬಂದು ಎಳೆದುಕೊಂಡು ಹೋದರು. ಸೋಮವಾರದಿಂದ ಪೂರಾ ದಿನ ಅಂಗಡಿಯ ಕೆಲಸ.

ನನ್ನ ನೆತ್ತಿಯ ನೀರಿನ ಜಗಳವನ್ನು ನನ್ನ ಜೊತೆ ಆಡು. ಹುಟ್ಟದ ಮಗುವನ್ನು ಗಾಳಕ್ಕೆ ಕಟ್ಟಿ ನನ್ನನ್ನು ಎಳೆಯಬೇಡ. ಅದು ದೊಡ್ಡದಾಗಿ ಯಾವ ನೀರು ಬೇಕೋ ತಾನೇ ಹೇಳಲಿ.

ನಿನ್ನ ಮನೆ ನಿನಗಿರಲಿ. ನಾನು ಅಲ್ಲಿಗೆ ಹೋಗುವುದಿಲ್ಲ. ಗುರುತನ್ನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ನಿನ್ನ ಒಂದು ಮಾತನ್ನಾದರೂ ನಡೆಸಿದೆ ಅಂದುಕೋ.

ವೆಂಡೆಲ್


ಮಿಲ್ಸ್ ಫೆರಿ
ಸೆಪ್ಟೆಂಬರ್ 12, 1988

ವೆಂಡೆಲ್,

ಗುರುತನ್ನು ಕಾಪಾಡುವ ಕಷ್ಟ ನಿನಗೆ ಇನ್ನು ಬೇಡ.

ಕಳೆದ ವಾರದ ಸ್ಪರ್ಧೆಯವರು ಈ ಸಲ ನಮ್ಮ ಕಟ್ಟೆಯಿಂದಲೇ ಇಳಿದರು. ಅಭ್ಯಾಸಕ್ಕೆ ಮುಂಚೆ ಅವರು ಕಟ್ಟೆ ನೋಡಿಹೋಗಲು ಬರುವ ಹೊತ್ತಿಗೆ, ಹೇಳುವುದು ಕೇಳುವುದು ಇನ್ನೂ ತಪ್ಪಲ್ಲದಿದ್ದಾಗ, ಅಂಗಡಿಯ ಹೊರಗಿನ ಹಲಗೆ ಒರೆಸಿ ಸೀಮೆಸುಣ್ಣದಲ್ಲಿ ಎಲ್ಲವನ್ನೂ ಬರೆದೆ. ದಿಬ್ಬ, ಕಲ್ಲು, ನೀರು ಬಿಡುವ ಹೊತ್ತು, ಗೋಪುರ, ಟ್ಯಾಂಕು, ಚಿಮಣಿ. ನಿನಗೆ ಹೇಗೆ ಬರೆದಿದ್ದೆನೋ ಹಾಗೇ, ಒಂದು ಪದ ಹೆಚ್ಚಿಲ್ಲ.

ಇಮೋಜೀನ್ ಸೀಮೆಸುಣ್ಣ ಕಿತ್ತುಕೊಳ್ಳಲು ಬಂದಳು. "ಹುಚ್ಚು ಹಿಡೀತಾ ನಿಂಗೆ? ಐವತ್ತು ವರ್ಷ ಬಾಯಿ ಹೊಲ್ಕೊಂಡಿದ್ದು ಇವತ್ತು ಬೀದಿಗೆ ಹಾಕ್ತೀಯಾ?"

"ಮನೆಯವ್ನು ಬೇಡ ಅಂದ. ಬೀದಿಯವ್ರಾದ್ರೂ ತಿನ್ಲಿ" ಎಂದೆ.

ತಿಂದರು. ದೋಣಿಗೆ ದೋಣಿ ಬಡಿಯುವಷ್ಟು ಜನ ಸೇರಿದರು. ಸ್ಪರ್ಧೆ ಮುಗಿದರೂ ಬರುವುದು ನಿಂತಿಲ್ಲ. ನನ್ನ ತಾಯಿಯ ಅಡಿಗೆಮನೆಯ ಕಲ್ಲಿಗೆ ಸಿಕ್ಕಿ ಹರಿದ ದಾರ ಎಷ್ಟಿದೆಯೋ. ಮುಂದಿನ ಬೇಸಿಗೆಗೆ ಅಲ್ಲಿ ಮೀನು ನಿಲ್ಲುವುದಿಲ್ಲ.

ಒಂದು ವಿಷಯ ಮಾತ್ರ ನಿನಗೆ ಬರೆಯಬೇಕೆನಿಸಿತು. ಬಂದವರೆಲ್ಲ ಪರವೂರಿನವರು, ಕೆಂಟಕಿಯವರು, ಮಿಸಿಸಿಪಿಯವರು. ಹಲಗೆ ಓದುತ್ತಿದ್ದರು, ಊರಿನ ಕಡೆ ಒಮ್ಮೆ ನೋಡುತ್ತಿದ್ದರು, ಟೋಪಿ ತೆಗೆದು ಕಿಟಕಿಯ ಹತ್ತಿರ ಬರುತ್ತಿದ್ದರು. "ಅಮ್ಮಾ, ಯಾವ ಚರ್ಚು?" ಕೇಳದೆ ಹೋದವನು ಒಬ್ಬನೂ ಇಲ್ಲ.

"ಎರಡಿವೆ. ಮೆಥಡಿಸ್ಟರದ್ದು ನೋಡ್ಕೊಳ್ಳಿ" ಎಂದು ಬಂದ ಒಬ್ಬೊಬ್ಬನಿಗೂ ಹೇಳಿದೆ.

ನಿನ್ನ ಅಮ್ಮ